ಎಡಕ್ಕೆ ಕಾನ್ಸೆಪ್ಟ್, ಬಲಕ್ಕೆ ರಸ್ತೆ ಕಾರು: ಕೌಂಟಾಚ್ ಕ್ಲೇ ಮಾಡೆಲ್ ಮಾಡಿದ ಅನುಭವ

ಶೋದಲ್ಲಿ ತೋರಿಸಲು ಮಾಡಿದ ಕಾನ್ಸೆಪ್ಟ್ ಕಾರು ರಸ್ತೆಗೆ ಬರುವ ಹೊತ್ತಿಗೆ ಅದರ ಅಂದವೆಲ್ಲ ಹೋಗಿರುತ್ತದೆ ಅಂತ ಕಾರು ಹುಚ್ಚಿನವರು ಯಾವಾಗಲೂ ಹೇಳುತ್ತಾರೆ. ಇಟಲಿಯ ಸ್ಪೋರ್ಟ್ಸ್ ಕಾರು ಲ್ಯಾಂಬೊರ್ಗಿನಿ ಕೌಂಟಾಚ್ ವಿಷಯದಲ್ಲಿ ಈ ಮಾತು ಎಷ್ಟು ನಿಜ ಅಂತ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು. ಹಾಗಾಗಿ 1:10 ಅಳತೆಯಲ್ಲಿ ಒಂದೇ ಕ್ಲೇ ಮಾಡೆಲ್ ಮಾಡಿದೆ. ಎಡ ಅರ್ಧ 1971ರ ಎಲ್‌ಪಿ 500 ಕಾನ್ಸೆಪ್ಟ್, ಬಲ ಅರ್ಧ 1974ರಲ್ಲಿ ಗ್ರಾಹಕರ ಕೈ ಸೇರಿದ ಎಲ್‌ಪಿ 400. ಎರಡು ಐಡಿಯಾ ಹೋಲಿಸಬೇಕಾದಾಗ ಡಿಸೈನ್ ಸ್ಟುಡಿಯೋಗಳಲ್ಲೂ ಹೀಗೇ ಮಾಡುತ್ತಾರೆ.

ಕಾನ್ಸೆಪ್ಟ್‌ನ ಮೂಲ ಕಾರು ಈಗ ಇಲ್ಲ. ಇಟಲಿಯ ಡಿಸೈನ್ ಕಂಪನಿ ಬೆರ್ಟೊನೆಯಲ್ಲಿದ್ದ ಡಿಸೈನರ್ ಮಾರ್ಚೆಲ್ಲೊ ಗಾಂಡಿನಿ ರೂಪಿಸಿದ ಆ ಹಳದಿ ಕಾರು 1971ರ ಮಾರ್ಚ್‌ನಲ್ಲಿ ಜಿನೀವಾ ಶೋದಲ್ಲಿ ಕಾಣಿಸಿಕೊಂಡಿತು. ಆಮೇಲೆ ಟೆಸ್ಟಿಂಗ್‌ನಲ್ಲಿ ದುಡಿಯಿತು. 1974ರಲ್ಲಿ ಕ್ರ್ಯಾಶ್ ಟೆಸ್ಟ್‌ಗೆ ಕೊಟ್ಟು ಮುಗಿಸಿಬಿಟ್ಟರು. 2021ರಲ್ಲಿ ಲ್ಯಾಂಬೊರ್ಗಿನಿಯವರೇ ಒಬ್ಬ ಸಂಗ್ರಾಹಕರಿಗಾಗಿ ಅದನ್ನು ಮತ್ತೆ ಕಟ್ಟಿದರು. ಹಳೇ ಫೋಟೋ, ದಾಖಲೆ ನೋಡಿಕೊಂಡು 25,000 ಗಂಟೆಗೂ ಜಾಸ್ತಿ ಕೆಲಸ!

ನನಗೂ ಫೋಟೋಗಳೇ ದಿಕ್ಕು. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2450 ಮಿ.ಮೀ., ಮಾಡೆಲ್‌ನಲ್ಲಿ 245. ಆ ಲೆಕ್ಕಕ್ಕೆ ಪ್ರಿಂಟ್ ತೆಗೆದು ಥರ್ಮಾಕೋಲ್‌ಗಿಂತ ಗಟ್ಟಿಯಾದ ಫೋಮ್‌ನಲ್ಲಿ ಕ್ಲೇ ಒಳಗಿರುವ ಕೋರ್ ಕತ್ತರಿಸಿದೆ. ಫೋಟೋ ದೂರದಿಂದ, ನೇರ ಪಕ್ಕದಿಂದ ತೆಗೆದದ್ದೇ ಆಗಿರಬೇಕು. ಹತ್ತಿರದಿಂದ ತೆಗೆದದ್ದರಲ್ಲಿ ಮೂಗು, ಬಾಲ ಎರಡೂ ಕುಗ್ಗಿ ಕಾಣುತ್ತವೆ. ಇಂಡಸ್ಟ್ರಿಯಲ್ ಕ್ಲೇ ತಣ್ಣಗಿದ್ದಾಗ ಗಟ್ಟಿ. 55ರಿಂದ 60 ಡಿಗ್ರಿಗೆ ಬಿಸಿ ಮಾಡಿದರೆ ಬೆಣ್ಣೆಯಂತೆ ಹರಡುತ್ತದೆ. ಹೆಬ್ಬೆರಳಲ್ಲಿ ಒತ್ತಿ ಒತ್ತಿ ಹಚ್ಚಬೇಕು, ನಡುವೆ ಗಾಳಿ ಉಳಿಯಬಾರದು. ಅಡುಗೆಮನೆಯ ಓವನ್ ಮಾತ್ರ ಮುಟ್ಟಬೇಡಿ. ಕೆಲವು ಕ್ಲೇಗಳಲ್ಲಿ ಗಂಧಕ ಇರುತ್ತದೆ.

ಕೌಂಟಾಚ್ ಅಂದರೆ ಸ್ಕೇಲ್ ಇಟ್ಟು ಗೆರೆ ಎಳೆದ ಕಾರು ಅಂದುಕೊಳ್ಳುತ್ತೇವೆ, ಅಲ್ವಾ? ಕೆರೆಯುತ್ತಾ ಹೋದರೆ ಸಪಾಟಾದ ಜಾಗವೇ ಸಿಗುವುದಿಲ್ಲ. ಬಾನೆಟ್ ಮೇಲೆ ಬಾಗುವ ಸ್ಟೀಲ್ ಪಟ್ಟಿ ಆಡಿಸಿದಾಗ ನಡುವೆ ಕೂದಲೆಳೆಯಷ್ಟು ಉಬ್ಬು ಬೇಕೇ ಬೇಕು. ಪೂರ್ತಿ ಸಪಾಟು ಮಾಡಿದರೆ ಟ್ಯೂಬ್‌ಲೈಟ್ ಕೆಳಗೆ ಅದು ಒಳಕ್ಕೆ ಕುಸಿದಂತೆ ಕಾಣುತ್ತದೆ. ಹಿಂದಿನ ಚಕ್ರದ ಓರೆ ಕಮಾನಿಗೆ ಕಪ್ಪು ಟೇಪ್ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಕಿತ್ತು, ಮತ್ತೆ ಅಂಟಿಸಿದೆ. ಅದು ಒಂದು ಮಿಲಿಮೀಟರ್ ಮುಂದಕ್ಕೆ ಹೋದರೂ ಕಾರು ನಿಂತಲ್ಲೇ ನಿಂತಂತೆ ಕಾಣುತ್ತದೆ. ಸರಿಯಾಗಿ ಕೂತರೆ ಇಡೀ ಕಾರು ಮುಂದಕ್ಕೆ ನುಗ್ಗುತ್ತದೆ.

ದೊಡ್ಡ ವ್ಯತ್ಯಾಸ ಇರುವುದು ಗಾಳಿ ಒಳಗೆ ಹೋಗುವ ದಾರಿಯಲ್ಲಿ. ಕಾನ್ಸೆಪ್ಟ್‌ನಲ್ಲಿ ಕಿಟಕಿಯ ಹಿಂದೆ ಮೀನಿನ ಕಿವಿರಿನಂಥ ಸೀಳುಗಳಷ್ಟೇ ಇದ್ದವು. ನಡುವೆ ಕೂತ ವಿ12 ಎಂಜಿನ್ ಕಾದು ಹೋಗುತ್ತಿತ್ತು, ಅಷ್ಟು ಗಾಳಿ ಸಾಲಲಿಲ್ಲ. ಹಾಗಾಗಿ ರಸ್ತೆ ಕಾರಿಗೆ ಭುಜದ ಮೇಲೆ ಗಾಳಿ ಹಿಡಿಯುವ ಎರಡು ಡಬ್ಬಿಯಂಥ ಸ್ಕೂಪ್ ಬಂದವು, ಬಾಗಿಲಿನಿಂದ ಹಿಂದಕ್ಕೆ ನಾಕಾ ಡಕ್ಟ್ (ಗಾಳಿ ಒಳಗೆ ಎಳೆಯುವ, ಮೈಯೊಳಗೆ ಇಳಿದ ತಗ್ಗು) ಕೊರೆದರು. ಈ ಡಕ್ಟನ್ನು ಕೊನೆಗೇ ಕೊರೆಯಿರಿ. ಸುತ್ತಲ ಮೈ ಸರಿಯಾಗುವ ಮೊದಲೇ ಕೊರೆದರೆ ಅಂಚು ಚೂಪಾಗಿ ಉಳಿಯುವುದೇ ಇಲ್ಲ.

ಕೊನೆಗೆ ಬೆಳ್ಳಿ ಬಣ್ಣದ ಫಿಲ್ಮನ್ನು ನೀರಲ್ಲಿ ನೆನೆಸಿ, ಎಳೆದು ಎರಡೂ ಬದಿಗೆ ಹೊದಿಸಿದೆ. ಎಡಗಡೆ ಬೆಳಕು ಮೂಗಿನಿಂದ ಬಾಲದವರೆಗೆ ಒಂದೇ ಓಟ. ಬಲಗಡೆ ಸ್ಕೂಪ್ ಹತ್ತಿರ ತುಂಡಾಗುತ್ತದೆ. ಆದರೂ ನನ್ನ ಓಟು ಬಲಕ್ಕೇ. ಆ ಡಕ್ಟ್ ಸುಮ್ನೆ ಕೊರೆದ ತೂತಲ್ಲ. ಬಾಗಿಲಲ್ಲಿ ತೆಳ್ಳಗೆ ಶುರುವಾಗಿ ಹಿಂದೆ ಆಳವಾಗುತ್ತಾ ಕಣ್ಣನ್ನು ಎಂಜಿನ್ ಕಡೆಗೆ ಕರೆದೊಯ್ಯುತ್ತದೆ. ಎಡ ಬದಿಯಲ್ಲಿ ಎಂಜಿನ್ ಎಲ್ಲಿದೆ ಅನ್ನುವುದೇ ಗೊತ್ತಾಗುವುದಿಲ್ಲ.

1978ರ ಎಲ್‌ಪಿ 400 ಎಸ್‌ನ ಅಗಲ ಕಮಾನುಗಳನ್ನೂ ಹಾಕು ಅಂತ ಗೆಳೆಯರು ದುಂಬಾಲು ಬಿದ್ದಿದ್ದಾರೆ. ಈ ಕ್ಲೇ ಮೇಲೆ ಹಾಕುವುದಿಲ್ಲ. ಅದಕ್ಕೆ ಬೇರೆ ಕೋರ್ ಕತ್ತರಿಸಲು ಶುರು ಮಾಡಿದ್ದೇನೆ.