ಚೌಳು ಹೊಲದಿಂದ ಬೂಷ್ಟು ಬೆಳೆಸಿದ್ದು

ಸಿಂಧನೂರಿನ ಹತ್ತಿರ ನಮ್ಮ ಮಾವನ ಹೊಲದಲ್ಲಿ ಅರ್ಧ ಎಕರೆ ಚೌಳು. ತುಂಗಭದ್ರಾ ಕಾಲುವೆ ನೀರು ನಿಂತು ನಿಂತು ಹೀಗಾಗಿದೆ. ಬೇಸಿಗೆಯಲ್ಲಿ ನೆಲ ಆರಿದರೆ ಮೇಲೆ ಬೆಳ್ಳಗೆ ಉಪ್ಪು ಕಟ್ಟುತ್ತದೆ, ಭತ್ತ ಏಳುವುದಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ನನಗೆ ಒಂದೇ ಹುಚ್ಚು: ಅಲ್ಲಿ ಯಾವ ಬೂಷ್ಟು ಬದುಕಿದೆ?

ಏಪ್ರಿಲ್‌ನಲ್ಲಿ ಆ ಬಿಳಿ ಪದರವನ್ನು ಚಮಚದಿಂದ ಕೆರೆದು ತಂದೆ. ಅದನ್ನು ಬೆಳೆಸುವ ತಟ್ಟೆಗಳಿಗೆ ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ, ನೀರನ್ನು ಗಟ್ಟಿ ಮಾಡುವ ಅಗರ್. ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್. ಉಪ್ಪು ಮಾತ್ರ ಲೀಟರಿಗೆ 0, 50, 100, 170 ಗ್ರಾಂ. ಸಮುದ್ರದ ನೀರಿನಲ್ಲಿ ಇರುವುದೇ ಸುಮಾರು 35 ಗ್ರಾಂ, ಲೆಕ್ಕ ಹಾಕಿ.

ಮೊದಲ ಸಲ ಪೂರ್ತಿ ಕೆಟ್ಟಿತು. ಉಪ್ಪು ಜಾಸ್ತಿಯಾದ ತಟ್ಟೆಯಲ್ಲಿ ಅಗರ್ ಗಟ್ಟಿಯಾಗಲೇ ಇಲ್ಲ. ಅಗರ್ ಲೀಟರಿಗೆ 15 ಗ್ರಾಂ ಬದಲು 22 ಗ್ರಾಂ ಹಾಕಿದ ಮೇಲೆ ಗಟ್ಟಿಯಾಯಿತು. ಆಮೇಲೆ ನಮ್ಮ ಸೆಖೆಗೆ ತಟ್ಟೆಗಳು ಒಣಗಿದವು. ಬಿಳಿ ಚುಕ್ಕೆ ನೋಡಿ 'ಬೆಳೆದಿದೆ ನೋಡಿ' ಅಂತ ಹುಡುಗರಿಗೆ ತೋರಿಸಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚೌಕ ಚೌಕ ಉಪ್ಪಿನ ಹರಳು! ಅವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಈಗ ತಟ್ಟೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಜೊತೆಗೆ ಅಷ್ಟೇ ಉಪ್ಪಿನ ನೀರಿನಲ್ಲಿ ನೆನೆಸಿದ ಹತ್ತಿ ಇಡುತ್ತೇನೆ. ಸಾದಾ ನೀರು ಬೇಡ. ಉಪ್ಪಿನ ತಟ್ಟೆ ಅದರ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ.

ಉಪ್ಪಿಲ್ಲದ ತಟ್ಟೆ ನಾಲ್ಕೇ ದಿನಕ್ಕೆ ಹಸಿರು. 50, 100ರಲ್ಲಿ ಆಸ್ಪರ್ಜಿಲಸ್ ಎಂಬ ಸಾಮಾನ್ಯ ಬೂಷ್ಟಿನ ತರಹದ್ದು ಬಂತು. 170ರಲ್ಲಿ ಮೂರು ವಾರ ಏನೂ ಇಲ್ಲ. ಆಮೇಲೆ ಎಳ್ಳಿನಷ್ಟು ಕಪ್ಪು ಚುಕ್ಕೆ, ಎಣ್ಣೆ ಸವರಿದಂತೆ ಮಿಂಚುವುದು.

ಎಲ್ಲವನ್ನೂ ಮತ್ತೆ ಉಪ್ಪಿಲ್ಲದ ತಟ್ಟೆಗೆ ಹಾಕಿದೆ. ಉಪ್ಪು ಬೇಕೇ ಬೇಕಾ, ಸುಮ್ನೆ ಸಹಿಸುತ್ತದಾ ಅಂತ ತಿಳಿಯಲು ಇದೊಂದೇ ದಾರಿ. ಎಲ್ಲವೂ ಬೆಳೆದವು, ಆ ಕಪ್ಪೂ ಸಹ. ಸ್ವಲ್ಪ ಬೇಜಾರಾಯಿತು. ಆದರೆ ಸ್ಲೊವೇನಿಯಾದ ಉಪ್ಪಿನ ಗದ್ದೆಗಳಲ್ಲಿ ಸಿಕ್ಕ ಹಾರ್ಟಿಯಾ ವೆರ್ನೆಕಿ ಎಂಬ ಕಪ್ಪು ಯೀಸ್ಟ್ ಕೂಡ ಹೀಗೇ: ಉಪ್ಪಿಲ್ಲದೆಯೂ ಬೆಳೆಯುತ್ತದೆ, ಲೀಟರಿಗೆ 300 ಗ್ರಾಂನಲ್ಲೂ ಬದುಕುತ್ತದೆ. ಒಳಗೆ ಗ್ಲಿಸರಾಲ್ ಎಂಬ ಸಿಹಿ ದ್ರವ ತುಂಬಿಕೊಂಡು ನೀರು ಹಿಡಿದಿಡುತ್ತದೆ. ಜೀವಕೋಶದ ಗೋಡೆಯಲ್ಲಿರುವ ಮೆಲನಿನ್ ಎಂಬ ಕಪ್ಪು ಬಣ್ಣ ಆ ಗ್ಲಿಸರಾಲ್ ಸೋರದಂತೆ ನೋಡಿಕೊಳ್ಳುತ್ತದೆ. ನನ್ನದು ಅದೇ ಅಂತ ಹೇಳಲಾರೆ, ಡಿಎನ್‌ಎ ಓದಿಸಿಲ್ಲ. ಆದರೂ ಕೈಗವಸು ಬಿಡುವುದಿಲ್ಲ. ಹಾರ್ಟಿಯಾ ಅಂಗೈ ಮೇಲೆ ಕಪ್ಪು ಕಲೆ ತರಿಸುವ ಜಾತಿ.

ಈಗ 250 ಗ್ರಾಂನ ತಟ್ಟೆ ಇಟ್ಟಿದ್ದೇನೆ. ಇವತ್ತಿಗೆ ಹನ್ನೆರಡು ದಿನ. ಇನ್ನೂ ಏನೂ ಕಾಣುತ್ತಿಲ್ಲ.