ಎಲೆಯ ರೋಗ ಕಣ್ಣಿಗೆ ಇಳಿಯದಂತೆ: ಅಡಿಕೆ ತೋಟದಲ್ಲಿ ನಾನು ಪಾಲಿಸುವ ಕ್ರಮ

ಶಿರಸಿ ಸೀಮೆಯಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಮಾತೆಲ್ಲ ಮರದ ಬಗ್ಗೆಯೇ. ಮರ ಹತ್ತುವ ಕೊನೆಗೌಡನ ಕಣ್ಣಿನ ಬಗ್ಗೆಯೂ ಅಷ್ಟೇ ಮಾತಾಡಬೇಕು. ಎಲೆಚುಕ್ಕಿಯ ಕೊಲೆಟೋಟ್ರೈಕಮ್, ಬಾಳೆಯನ್ನು ಸೊರಗಿಸುವ ಫ್ಯುಸೇರಿಯಮ್, ಭತ್ತದ ಕಾಳು ಕಪ್ಪಾಗಿಸುವ ಕರ್ವುಲೇರಿಯಾ, ಈ ಮೂರೂ ಕುಲಗಳಲ್ಲಿ ಮನುಷ್ಯನ ಕಣ್ಣಿನ ಕಾರ್ನಿಯಾದಲ್ಲಿ, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ, ಬೆಳೆಯಬಲ್ಲ ಶಿಲೀಂಧ್ರಗಳಿವೆ. ಅಡಿಕೆಯ ಕೊಳೆರೋಗದ ಫೈಟಾಫ್ಥೊರಾ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ನಿಜವಾದ ಶಿಲೀಂಧ್ರವೇ ಅಲ್ಲ.

ಗಾಯವಿಲ್ಲದೆ ಇವು ಸಾಮಾನ್ಯವಾಗಿ ಒಳಹೋಗವು. ಒಣ ಸೋಗೆಯ ತುದಿ, ಮೆಣಸಿನ ಬಳ್ಳಿಯ ಕಡ್ಡಿ, ಭತ್ತದ ಹೊಟ್ಟು ಒಂದು ಗೀರು ಎಳೆದರೆ ಸಾಕು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದರ ಮೇಲ್ಮೈ ಮೈಬಿಸಿಗಿಂತ ತುಸು ತಂಪು. ಮೈಯೊಳಗಿನ ಬಿಸಿ ತಾಳದ ಶಿಲೀಂಧ್ರಕ್ಕೂ ಅಲ್ಲಿ ನೆಲೆ ಸಿಗುತ್ತದೆ.

ಹಾಗಾಗಿ ಸೋಗೆ ಕಡಿಯುವಾಗ, ಕೊನೆ ಇಳಿಸುವಾಗ, ಮೆಣಸು ಕೊಯ್ಯುವಾಗ ಕನ್ನಡಕ ಕಡ್ಡಾಯ. ಮೇಲೆ ನೋಡಿ ಮಾಡುವ ಕೆಲಸಕ್ಕೆ ಬರೀ ಬಿಸಿಲು ಕನ್ನಡಕ ಸಾಲದು, ಹುಬ್ಬಿನ ಮೇಲಿನ ಸಂದಿನಿಂದಲೇ ಕಸ ಬೀಳುತ್ತದೆ. ಹುಬ್ಬಿಗೂ ಕೆನ್ನೆಗೂ ಅಂಟಿ ಕೂರುವ, ಹಿಂದೆ ಪಟ್ಟಿಯಿರುವ ಪಾಲಿಕಾರ್ಬೊನೇಟ್ ಗಾಗಲ್ ಕೊಳ್ಳಿ. ಮಳೆಗಾಲದಲ್ಲಿ ಮಂಜು ಕಟ್ಟುತ್ತದೆಂದು ಜನ ಅದನ್ನು ತೆಗೆದಿಡುವುದೇ ದೊಡ್ಡ ತೊಂದರೆ. ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಒಳಮೈಗೆ ತೆಳ್ಳಗೆ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದರೆ ಮಂಜು ಕಡಿಮೆ. ಅಂಚಿನ ಗಾಳಿಕಿಂಡಿ ಮುಚ್ಚಬಾರದು.

ಬೋರ್ಡೋ ಹೊಡೆದ ಎಲೆಯಾದರೂ ನಿರ್ಭಯವಲ್ಲ. ಶೇ. 1ರ ದ್ರಾವಣ, ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಹೊಸ ಸೋಂಕನ್ನು ತಡೆಯುತ್ತದೆ. ಎಲೆಯೊಳಗೆ ಆಗಲೇ ಬೇರೂರಿದ್ದನ್ನು ಅದು ಕೊಲ್ಲುವುದಿಲ್ಲ.

ಕಣ್ಣಿಗೆ ಸೋಗೆ ತಾಗಿತೆಂದರೆ ಉಜ್ಜಬಾರದು. ಕುದಿಸಿ ಆರಿಸಿದ ನೀರನ್ನು ಧಾರೆಯಾಗಿ ಬಿಡಿ. ಚುಚ್ಚಿ ನಿಂತ ಚೂರಿದ್ದರೆ ನೀರೂ ಹಾಕದೆ, ಕೀಳದೆ, ಕಣ್ಣಿಗೆ ಒತ್ತದಂತೆ ಮುಚ್ಚಿ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬೇಡವೇ ಬೇಡ. ಎಲ್ಲಕ್ಕಿಂತ ಕೇಡು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಹನಿ. ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಹೆಸರಿದ್ದರೆ ಮುಟ್ಟಬೇಡಿ. ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಸರಾಗವಾಗಿ ಹಬ್ಬುತ್ತದೆ.

ಕಣ್ಣಿನ ಈ ಶಿಲೀಂಧ್ರ ಸೋಂಕು ನಿಧಾನದ ರೋಗ. ಗೀರು ಬಿದ್ದ ಕೆಲವು ದಿನ ಬರೀ ಕಿರಿಕಿರಿ, ನೀರು. ಆಮೇಲೆ ಕಪ್ಪುಗುಡ್ಡೆಯ ಮೇಲೆ ಬೂದುಬಿಳಿ ಕಲೆ, ಅಂಚು ಹಕ್ಕಿಗರಿಯಂತೆ, ಪಕ್ಕದಲ್ಲೇ ಸಣ್ಣ ಚುಕ್ಕಿಗಳು. ವೈದ್ಯರಿಗೆ "ಕಣ್ಣು ಕೆಂಪಾಗಿದೆ" ಎಂದಷ್ಟೇ ಹೇಳದೆ ಯಾವ ಗಿಡ, ಹಸಿಯೋ ಒಣಗಿದ್ದೋ, ಯಾವ ದಿನ ತಾಗಿದ್ದು, ಯಾವ ಹನಿ ಹಾಕಿದ್ದು, ಎಲ್ಲ ಹೇಳಿ. ಆಗ ಅವರು ಹುಣ್ಣಿನಿಂದ ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ಹುಡುಕುತ್ತಾರೆ. ಎಳೆ ಕಂಡರೆ ಸಾಮಾನ್ಯವಾಗಿ ಶೇ. 5ರ ನ್ಯಾಟಮೈಸಿನ್ ಎಂಬ ಶಿಲೀಂಧ್ರನಾಶಕ ಕಣ್ಣಿನ ಹನಿ, ಮೊದಮೊದಲು ಗಂಟೆಗೊಮ್ಮೆ. ನೋವು ಹೋಯಿತೆಂದು ನಿಲ್ಲಿಸಬಾರದು, ವಾರಗಟ್ಟಲೆ ನಡೆಯುತ್ತದೆ. ಹನಿ ಬಿಡುವ ಮುಂಚೆ ಬಾಟಲಿ ಚೆನ್ನಾಗಿ ಅಲುಗಾಡಿಸಬೇಕು, ಮದ್ದು ತಳಕ್ಕೆ ಕೂತಿರುತ್ತದೆ.