ಪದೇ ಪದೇ ನೆಗಡಿ, ಜ್ವರ: ಬಸ್ಸಿನಲ್ಲೇ ದಿನ ಕಳೆಯುವ ನಾನು ಏನು ಮಾಡಿದೆ

ಕೊರೊನಾ ಬಂದು ಹೋದಮೇಲೆ ಮೈಯಲ್ಲಿ ಶಕ್ತಿನೇ ಇಲ್ಲ, ತಿಂಗಳಿಗೊಂದು ಸಲ ಮಲಗ್ತೀನಿ ಅನ್ನೋ ಮಾತು ನಮ್ಮ ಬಸ್ಸಿನಲ್ಲಿ ದಿನಾ ಕಿವಿಗೆ ಬೀಳುತ್ತದೆ. ನಾನು ಹಾಸನ ಕಡೆಯ ಸರ್ಕಾರಿ ಬಸ್ಸಿನ ಕಂಡಕ್ಟರ್. ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಗುಂಡ್ಯ, ಅಲ್ಲಿಂದ ಧರ್ಮಸ್ಥಳ ಇಲ್ಲವೇ ಸುಬ್ರಹ್ಮಣ್ಯ. ಇದೇ ನನ್ನ ದಾರಿ. 2022ರಲ್ಲೂ 2023ರಲ್ಲೂ ನಾನೂ ಇದೇ ಮಾತು ಆಡುತ್ತಿದ್ದೆ. ಒಂದು ನೆಗಡಿ ವಾಸಿಯಾಯ್ತು ಅನ್ನುವಷ್ಟರಲ್ಲಿ ಇನ್ನೊಂದು ಶುರು. ಕೆಮ್ಮು ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಈಗ ಅದು ವರ್ಷಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಅದಕ್ಕೆ ನಾನು ಮಾಡಿದ್ದೇನು ಅಂತ ಜೊತೆಯವರು ಕೇಳುತ್ತಲೇ ಇರುತ್ತಾರೆ. ಅದನ್ನೇ ಇಲ್ಲಿ ಬರೆದಿದ್ದೇನೆ.

2023ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಎಲ್ಲ ಸುದ್ದಿಯಲ್ಲೂ ಬಂತು. ಆಲೂರು ತಾಲ್ಲೂಕಿನ ಒಬ್ಬ ಹಿರಿಯರು ಎಚ್‌3ಎನ್‌2 ಅನ್ನೋ ಫ್ಲೂ ಜ್ವರದಿಂದ ತೀರಿಕೊಂಡಿದ್ದರು. ಅವರಿಗೆ 82 ವರ್ಷ, ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇದ್ದವು. ಆಲೂರು ನಾನು ದಿನಾ ಹಾದುಹೋಗುವ ಊರು. ಅಲ್ಲಿ ಹತ್ತುವವರಲ್ಲಿ ಅರ್ಧ ಜನ ಮುಖ ಗುರುತಿನವರು. ಆ ಸುದ್ದಿ ಕೇಳಿದ ಮೇಲೆ ಇದನ್ನು ಬರೀ ನೆಗಡಿ ಅಂತ ಬಿಡಬಾರದು ಅನ್ನಿಸಿತು.

ಸಕಲೇಶಪುರದಲ್ಲಿ ನಮ್ಮ ಮನೆಯವರೆಲ್ಲ ತೋರಿಸುವ ಹಿರಿಯ ಡಾಕ್ಟರೊಬ್ಬರಿದ್ದಾರೆ. ಅವರ ಹತ್ತಿರ ಹೋಗಿ, "ಸಾರ್, ಇಮ್ಯುನಿಟಿ ಜಾಸ್ತಿ ಆಗೋಕೆ ಏನಾದ್ರೂ ಟಾನಿಕ್ ಬರ್ಕೊಡಿ" ಅಂದೆ. ಅವರು ಚೀಟಿ ಬರೆಯಲಿಲ್ಲ. "ನಿನ್ನ ಇಮ್ಯುನಿಟಿ ಎಲ್ಲೂ ಹೋಗಿಲ್ಲ ಕಣಯ್ಯಾ, ಕೂತ್ಕೋ" ಅಂತ ಕೂರಿಸಿ ವಿಷಯ ಬಿಡಿಸಿ ಹೇಳಿದರು.

ನೆಗಡಿ ತರುವ ವೈರಸ್‌ಗಳೇ 200ಕ್ಕಿಂತ ಜಾಸ್ತಿ ಇವೆಯಂತೆ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಸಣ್ಣ ಮಕ್ಕಳಿಗೆ ಆರೆಂಟು ಸಲ ನೆಗಡಿ ಬರೋದು ಮಾಮೂಲು. 2020ರಲ್ಲಿ ಲಾಕ್‌ಡೌನ್ ಆಯ್ತು, ಎಲ್ಲರೂ ಮಾಸ್ಕ್ ಹಾಕಿದರು, ಶಾಲೆ ಮುಚ್ಚಿದವು. ಕೊರೊನಾ ಜೊತೆಗೆ ಈ ವೈರಸ್‌ಗಳ ಓಡಾಟಕ್ಕೂ ತಡೆ ಬಿತ್ತು. ಬಿ ಯಮಗಾಟ ಅನ್ನೋ ಒಂದು ಫ್ಲೂ ತಳಿಯಂತೂ 2020ರ ಮಾರ್ಚ್ ಆದಮೇಲೆ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ. ಆಮೇಲೆ ಮಾಸ್ಕ್ ತೆಗೆದು ಜಾತ್ರೆ, ಮದುವೆ, ಶಾಲೆ, ಬಸ್ಸು ಅಂತ ಒಂದೇ ಸಲ ಬೆರೆತಾಗ ತಡೆದಿದ್ದ ನೆಗಡಿಗಳೆಲ್ಲ ಒಟ್ಟಿಗೆ ಬಂದವು. ಶಾಲೆಗೆ ಹೋಗುವ ಮಗು ತಂದದ್ದು ಮನೆಮಂದಿಗೆಲ್ಲ ಹರಡಿತು. ಕೊರೊನಾ ಜೋರಾಗಿ ಬಂದವರಲ್ಲಿ, ಸುಸ್ತು ಬಿಡದೆ ಉಳಿದವರಲ್ಲಿ ರಕ್ತದ ರಕ್ಷಣಾ ಕಣಗಳು ಕೆಲವು ತಿಂಗಳು ಏರುಪೇರಾಗಿದ್ದೂ ಕಂಡುಬಂದಿದೆ. ಆದರೆ ಎಲ್ಲರ ಶಕ್ತಿಯೂ ಉಡುಗಿಹೋಗಿದೆ ಅನ್ನೋದು ಸರಿಯಲ್ಲ ಅಂದರು.

ಆ ಯಮಗಾಟದ ಮಾತು ನನ್ನ ತಲೆಯಲ್ಲಿ ಉಳಿಯಿತು. ಲಾಕ್‌ಡೌನ್, ಮಾಸ್ಕು, ಅಂತರ ಅಂತ ಇದ್ದ ಕಾಲದಲ್ಲೇ ಒಂದು ವೈರಸ್ ತಳಿ ಕಾಣೆಯಾಯಿತು ಅಂದರೆ, ನಾನು ಮೊದಲು ನೋಡಬೇಕಾದ್ದು ಕುಡಿಯುವ ಕಷಾಯದ ಲೋಟವನ್ನಲ್ಲ, ನಾನು ಉಸಿರಾಡುವ ಜಾಗವನ್ನು.

ಡಾಕ್ಟರು ಎರಡು ಕೆಲಸ ಹೇಳಿದ್ದರು. ಒಂದು, ಹುಷಾರು ತಪ್ಪಿದಾಗಲೆಲ್ಲ ಬರೆದಿಡು. ಇನ್ನೊಂದು, ರಕ್ತ ಪರೀಕ್ಷೆ ಮಾಡಿಸು.

ಅಡುಗೆಮನೆಯ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಬರೆಯುತ್ತಾ ಹೋದೆ. ಯಾವತ್ತು ಶುರುವಾಯ್ತು, ಜ್ವರ ಇತ್ತೋ ಇಲ್ಲವೋ, ಹಿಂದಿನ ಎರಡು ಮೂರು ದಿನ ಯಾವ ಡ್ಯೂಟಿ, ಎಷ್ಟು ಹೊತ್ತು ನಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಲೆಕ್ಕ ಕಣ್ಣಿಗೆ ಕಾಣತೊಡಗಿತು. ಗಾಜೆಲ್ಲ ಮುಚ್ಚಿಕೊಂಡು ತುಂಬಿದ ಬಸ್ಸಿನಲ್ಲಿ ಘಾಟಿ ಹತ್ತಿದ ಎರಡು ಮೂರು ದಿನಕ್ಕೆ ಗಂಟಲು ಕೆರೆತ. ನೈಟ್ ಹಾಲ್ಟ್ ಡ್ಯೂಟಿ ಸಾಲಾಗಿ ಬಿದ್ದ ವಾರದ ಕೊನೆಗೆ ಜ್ವರ. ಇನ್ನು ಕೆಲವು ಇದ್ದವು, ಅವಕ್ಕೆ ಜ್ವರವೇ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು, ಮೂಗಿನಿಂದ ನೀರು, ಕಣ್ಣು ತುರಿಕೆ. ಬಿಸಿಲೇರಿದ ಮೇಲೆ ಏನೂ ಇಲ್ಲ. ಅದು ವೈರಸ್ಸೇ ಅಲ್ಲ, ಅಲರ್ಜಿ ಅಂದರು ಡಾಕ್ಟರು. ನಮ್ಮ ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಾಸಿಗೆ, ಕಂಬಳಿಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ ಬೆಳೆಯುತ್ತವೆ. ದಿಂಬಿನ ಕವರು, ಬೆಡ್‌ಶೀಟನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆಯುವುದು, ಬಿಸಿಲು ಬಂದ ದಿನ ಹಾಸಿಗೆ ಹೊರಗೆ ಹಾಕುವುದು, ಮಂಚವನ್ನು ತೇವದ ಗೋಡೆಯಿಂದ ದೂರ ಸರಿಸುವುದು. ಜೊತೆಗೆ ಮೂಗಿಗೆ ಒಂದು ಸ್ಪ್ರೇ ಕೊಟ್ಟರು. ನಾನು ನೆಗಡಿ ಅಂದುಕೊಂಡಿದ್ದರಲ್ಲಿ ಒಂದು ಭಾಗ ಇಷ್ಟಕ್ಕೇ ಹೋಯಿತು.

ರಕ್ತ ಪರೀಕ್ಷೆಯಲ್ಲಿ ದೊಡ್ಡ ವಿಷಯ ಸಿಕ್ಕಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.1 ಇತ್ತು. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ನನಗೆ ಬಾಯಾರಿಕೆ, ತೂಕ ಇಳಿಯುವುದು ಇಂಥದ್ದೇನೂ ಇರಲಿಲ್ಲ. ಪದೇ ಪದೇ ಹುಷಾರು ತಪ್ಪುವುದೊಂದೇ ಸೂಚನೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ನಿಂತರೆ ರೋಗಾಣು ನುಂಗುವ ಬಿಳಿ ರಕ್ತಕಣಗಳು ಚುರುಕಾಗಿ ಕೆಲಸ ಮಾಡುವುದಿಲ್ಲ. ಬಿ12 ಅನ್ನೋ ವಿಟಮಿನ್ ಕೂಡ ಕಮ್ಮಿ ಇತ್ತು. ಅದಕ್ಕೆ ಮಾತ್ರೆ ಕೊಟ್ಟರು. ಪದೇ ಪದೇ ಮಲಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡಬ್ಬಿ ಪುಡಿಗೆ ದುಡ್ಡು ಹಾಕುವ ಮೊದಲು ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ನನ್ನ ಹೆಂಡತಿಗೂ ಅದೇ ವಾರ ಮಾಡಿಸಿದೆ. ಅವಳಿಗೆ ಹಿಮೋಗ್ಲೋಬಿನ್ 9ರ ಹತ್ತಿರ ಇತ್ತು, ಹೆಂಗಸರಿಗೆ 12 ಇರಬೇಕು. ಊಟದ ಜೊತೆಗೇ ಕಾಫಿ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಕಾಫಿ ಬೆಳೆಯುವ ಊರಿನಲ್ಲಿ ಈ ಮಾತು ಯಾರು ಒಪ್ಪುತ್ತಾರೆ ಹೇಳಿ! ಆದರೂ ಅವಳು ಕಾಫಿಯನ್ನು ಊಟದಿಂದ ಒಂದು ಗಂಟೆ ದೂರ ಇಟ್ಟಳು. ಕಬ್ಬಿಣದ ಮಾತ್ರೆಯನ್ನು ನಿಂಬೆರಸದ ಜೊತೆ ತಗೊಂಡಳು. ಸುಸ್ತು ಕಡಿಮೆಯಾಯಿತು.

ಬಸ್ಸಿನೊಳಗೆ ಏನು ಮಾಡಿದೆ ಅನ್ನೋದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕಂದರೆ ಆಟೋ, ಶಾಲೆ, ಅಂಗಡಿ ಹೀಗೆ ಜನರ ಮಧ್ಯೆ ಕೆಲಸ ಮಾಡುವ ಎಲ್ಲರಿಗೂ ಇದು ಹೊಂದುತ್ತದೆ.

ಜುಲೈ ತಿಂಗಳಲ್ಲಿ ದೋಣಿಗಾಲ್ ದಾಟಿದರೆ ಮಳೆ ಅಡ್ಡಡ್ಡ ಹೊಡೆಯುತ್ತದೆ. "ಕಂಡಕ್ಟ್ರಣ್ಣ, ಒಸಿ ಆ ಗಾಜು ಎಳೀರಿ, ಎರಚಲು ಹೊಡೀತದೆ" ಅಂತ ಎಲ್ಲ ಕಡೆಯಿಂದಲೂ ಕೂಗು. ಎಲ್ಲ ಗಾಜು ಮುಚ್ಚಿದ ಸ್ವಲ್ಪ ಹೊತ್ತಿಗೆ ಒಳಗೆಲ್ಲ ಆವಿ ಕಟ್ಟಿ ಗಾಜು ಮಸುಕಾಗುತ್ತದೆ. ಆ ಆವಿಯಲ್ಲಿ ಅರ್ಧ ನಮ್ಮೆಲ್ಲರ ಉಸಿರೇ. ಯಾರೋ ಒಬ್ಬರು ಕೆಮ್ಮಿದರೆ ಆ ಸಣ್ಣ ಹನಿಗಳು ಅಲ್ಲೇ ತೇಲುತ್ತಿರುತ್ತವೆ. ಈಗ ನಾನು ಗಾಜು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಮಳೆ ಹೊಡೆಯುವ ಬದಿಯದ್ದು ಮುಚ್ಚಿ, ಇನ್ನೊಂದು ಬದಿಯಲ್ಲಿ ಮುಂದಿನದೊಂದು, ಹಿಂದಿನದೊಂದು ನಾಲ್ಕು ಬೆರಳಿನಷ್ಟು ತೆರೆದಿಡುತ್ತೇನೆ. ತಿರುವಿನಲ್ಲಿ ಮಳೆಯ ದಿಕ್ಕು ಬದಲಾದರೆ ನಾನೇ ಎದ್ದುಹೋಗಿ ಬದಲಾಯಿಸುತ್ತೇನೆ. ಮೊದಮೊದಲು ಜನ ಗೊಣಗಿದರು. "ಅಜ್ಜಿ, ಗಾಳಿ ಆಡ್ಲಿ, ಇಲ್ದಿದ್ರೆ ಒಬ್ರ ಕೆಮ್ಮು ಎಲ್ರಿಗೂ ಬರ್ತದೆ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಚಳಿ ಗಾಳಿಯಿಂದಲೇ ನೆಗಡಿ ಬರೋದು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನೆಗಡಿ ತರೋದು ವೈರಸ್, ಅದು ಬರೋದು ಇನ್ನೊಬ್ಬರಿಂದ.

ತುಂಬಿದ ಟ್ರಿಪ್ಪಿನಲ್ಲಿ, ಪಕ್ಕದಲ್ಲೇ ಯಾರಾದರೂ ಕೆಮ್ಮುತ್ತಿದ್ದರೆ, ನನಗೇ ನೆಗಡಿ ಇದ್ದರೆ ಎನ್‌95 ಮಾಸ್ಕ್ ಹಾಕುತ್ತೇನೆ. ದಿನಪೂರ್ತಿ ಅಲ್ಲ. ಮಾಸ್ಕ್ ಹಾಕಿದರೆ ಸೀಟಿ ಊದೋಕೆ ಆಗಲ್ಲ. ಆಗ ಬಾಗಿಲ ಹತ್ತಿರ ನಿಂತು ಬಸ್ಸಿನ ಮೈ ತಟ್ಟಿ "ರೈಟ್" ಅನ್ನುತ್ತೇನೆ.

ಸೀಟಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಂಡಕ್ಟರ್ ಕೈ ಅಂದರೆ ಇಡೀ ಊರಿನ ಕೈ. ನೋಟು ಮುಟ್ಟುತ್ತೇವೆ, ಚಿಲ್ಲರೆ ಮುಟ್ಟುತ್ತೇವೆ, ಕಂಬಿ ಹಿಡಿಯುತ್ತೇವೆ, ಅದೇ ಕೈಯಲ್ಲಿ ಸೀಟಿ ಹಿಡಿದು ಬಾಯಿಗಿಡುತ್ತೇವೆ. ನೋಟು ಎಣಿಸಲು ಬೆರಳಿಗೆ ಎಂಜಲು ಹಚ್ಚುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಬ್ಯಾಂಕಿನವರ ಮೇಜಿನ ಮೇಲೆ ಇರುತ್ತಲ್ಲ, ನೀರು ಹಾಕಿದ ಸ್ಪಾಂಜಿನ ಪುಟ್ಟ ಡಬ್ಬಿ, ಅಂಥದ್ದೊಂದು ನನ್ನ ಕ್ಯಾಶ್ ಬ್ಯಾಗಿನಲ್ಲಿ ಈಗ ಇದೆ. ಬೆರಳು ಅದಕ್ಕೇ ಹೋಗುತ್ತದೆ. ಸೀಟಿಯನ್ನು ದಾರ ಕಟ್ಟಿ ಜೇಬಿನೊಳಗೆ ಬೇರೆ ಇಡುತ್ತೇನೆ, ಬಾಯಿಗಿಡುವ ತುದಿ ಮುಟ್ಟುವುದಿಲ್ಲ, ರಾತ್ರಿ ಸೋಪಿನಲ್ಲಿ ತೊಳೆಯುತ್ತೇನೆ. ತಿನ್ನುವ ಮೊದಲು ಸೋಪು ಹಾಕಿ 20 ಸೆಕೆಂಡು ಕೈ ತೊಳೆಯುವುದನ್ನು ಬಿಟ್ಟಿಲ್ಲ. ಸೋಪು ಸಿಗದ ಕಡೆ ಸ್ಯಾನಿಟೈಸರ್. ಫ್ಲೂ ಮತ್ತು ಕೊರೊನಾ ಮುಖ್ಯವಾಗಿ ಗಾಳಿಯಲ್ಲೇ ಬರುವುದು ನಿಜ. ಆದರೆ ಮಾಮೂಲಿ ನೆಗಡಿಯ ವೈರಸ್ ಕೈಯಿಂದ ಮೂಗಿಗೂ ಕಣ್ಣಿಗೂ ಸುಲಭವಾಗಿ ಹೋಗುತ್ತದೆ.

ನಿದ್ದೆಯ ವಿಷಯ ನಾನು ತುಂಬಾ ಗಟ್ಟಿಯಾಗಿ ನಂಬುತ್ತೇನೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿ ಹಾಕಿ ನೋಡಿದ್ದರು. ಅದಕ್ಕೆ ಮೊದಲು ಒಂದು ವಾರ ಅವರ ನಿದ್ದೆ ಅಳೆದಿದ್ದರು. ಏಳು ಗಂಟೆಗಿಂತ ಜಾಸ್ತಿ ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಮ್ಮಿ ಮಲಗಿದವರಿಗೆ ನೆಗಡಿ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟು ಇತ್ತು. ನನ್ನ ಕ್ಯಾಲೆಂಡರು ಹೇಳಿದ್ದೂ ಅದನ್ನೇ. ನೈಟ್ ಹಾಲ್ಟಿನಲ್ಲಿ ಬೆಳಗ್ಗೆ ಐದಕ್ಕೆಲ್ಲ ಬಸ್ಸು ಹೊರಡಬೇಕು. ಈಗ ಕ್ಯಾಶ್ ಲೆಕ್ಕ ಮುಗಿಸಿ ಊಟ ಆದಮೇಲೆ ಮೊಬೈಲ್ ಬ್ಯಾಗಿಗೆ ಹಾಕಿ, ಸೊಳ್ಳೆ ಪರದೆ ಕಟ್ಟಿ ಒಂಬತ್ತೂವರೆಗೆ ಮಲಗಿಬಿಡುತ್ತೇನೆ. ಜೊತೆಯ ಡ್ರೈವರ್ ಅಣ್ಣನೂ ಹಾಗೇ ಮಾಡುತ್ತಾರೆ. ಘಾಟಿಯಲ್ಲಿ ಗಾಡಿ ಓಡಿಸುವವರಿಗೆ ನಿದ್ದೆ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾ?

ಊಟದಲ್ಲಿ ಹೊಸದೇನೂ ತರಲಿಲ್ಲ. ಹಾಸನದ ಊಟವೇ ಸಾಕು: ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಸೀಸನ್ನಿನಲ್ಲಿ ಅವರೆಕಾಳು. ಸಕ್ಕರೆ ಇರುವುದರಿಂದ ಮುದ್ದೆ ಗಾತ್ರ ಇಳಿಸಿ ಕಾಳು, ಸೊಪ್ಪು ಜಾಸ್ತಿ ಮಾಡಿದೆ. ಡ್ಯೂಟಿಗೆ ಹೋಗುವಾಗ ಬೇಯಿಸಿದ ಮೊಟ್ಟೆ, ಮೊಳಕೆ ಹೆಸರುಕಾಳು, ಒಂದು ಸೀಬೆಹಣ್ಣು ಬ್ಯಾಗಿನಲ್ಲಿರುತ್ತದೆ. ಸ್ಟಾಪಿಗೊಂದು ಬೋಂಡ, ಸಿಹಿ ಕಾಫಿ ನಿಂತಿದೆ. ಆಫ್ ಇದ್ದ ದಿನ ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ಬಿರುಸಾಗಿ ನಡೆಯುತ್ತೇನೆ. ಮಾತ್ರೆ ಮತ್ತು ಇದೆಲ್ಲ ಸೇರಿ ಎಚ್‌ಬಿಎ1ಸಿ ಈಗ 6.4ಕ್ಕೆ ಬಂದಿದೆ.

ಕಷಾಯ ಬಿಟ್ಟಿಲ್ಲ. ಮೆಣಸು, ಶುಂಠಿ, ತುಳಸಿ ಹಾಕಿ ಹೆಂಡತಿ ಕಾಯಿಸಿ ಕೊಟ್ಟರೆ ಗಂಟಲಿಗೆ ಹಿತ, ಕುಡಿಯುತ್ತೇನೆ. ಆದರೆ ಬೆಲ್ಲ ಬೇಡ ಅಂದಿದ್ದೇನೆ. ವಿಟಮಿನ್ ಸಿ ಮಾತ್ರೆ ದಿನಾ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಮ್ಮಿಯಾಗುವುದಿಲ್ಲ, ಬಂದ ನೆಗಡಿ ಸ್ವಲ್ಪ ಬೇಗ ಹೋಗುತ್ತದೆ ಅಷ್ಟೇ. ಅಮೃತಬಳ್ಳಿಯ ಬಗ್ಗೆ ಮಾತ್ರ ಎಚ್ಚರಿಕೆ ಹೇಳಲೇಬೇಕು. ಕೊರೊನಾ ಕಾಲದಲ್ಲಿ ದಿನಾ ಕುಡಿದ ಕೆಲವರಿಗೆ ಲಿವರ್ ಕೆಟ್ಟಿದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಲಿವರ್ ತೊಂದರೆ ಇರುವವರು, ಬೇರೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ಕುಡಿಯಬೇಡಿ ಅನ್ನುವುದು ನನ್ನ ಮಾತು.

ಫ್ಲೂ ಇಂಜೆಕ್ಷನ್ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುತ್ತೇನೆ, ಮಳೆಗಾಲ ಶುರುವಾಗುವ ಮೊದಲು. ವೈರಸ್ ತನ್ನ ರೂಪ ಬದಲಿಸುವುದರಿಂದ ಲಸಿಕೆಯನ್ನೂ ಆಗಾಗ ಬದಲಿಸುತ್ತಾರೆ. ಅದಕ್ಕೇ ಪ್ರತಿವರ್ಷ ಬೇಕು. ಹಾಕಿದ ಮೇಲೆ ರಕ್ಷಣೆ ಬರಲು ಎರಡು ವಾರ ಹಿಡಿಯುತ್ತದೆ. ಕೈ ಒಂದು ದಿನ ನೋಯುತ್ತದೆ. ಖಾಸಗಿಯಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕು, ನಮ್ಮಂಥವರಿಗೆ ಅದು ಸಣ್ಣ ದುಡ್ಡಲ್ಲ. ಆದರೆ ಜ್ವರದಲ್ಲಿ ಮಲಗಿ ರಜೆ ಹಾಕಿ ಔಷಧಿಗೆ ಸುರಿಯುವುದರ ಮುಂದೆ ಕಮ್ಮಿಯೇ. ಇದು ಮಾಮೂಲಿ ನೆಗಡಿ ತಡೆಯುವುದಿಲ್ಲ, ಫ್ಲೂ ಗಂಭೀರ ಆಗದಂತೆ ನೋಡಿಕೊಳ್ಳುತ್ತದೆ. ಸಕ್ಕರೆ, ಅಸ್ತಮಾ, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ವಯಸ್ಸಾದ ಅಪ್ಪ ಅಮ್ಮ ಇರುವವರು ದಯವಿಟ್ಟು ಡಾಕ್ಟರ ಹತ್ತಿರ ಈ ಬಗ್ಗೆ ಕೇಳಿ.

ಆಂಟಿಬಯೋಟಿಕ್ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ನಮ್ಮಲ್ಲಿ ಎಷ್ಟೋ ಜನ ಮೂಗು ಸೋರಿದ ಕೂಡಲೇ ಅಜಿತ್ರೋಮೈಸಿನ್ ತಂದು ನುಂಗುತ್ತಾರೆ. ಅದು ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ, ವೈರಸ್ಸಿಗೆ ಏನೂ ಮಾಡುವುದಿಲ್ಲ. 2023ರ ಎಚ್‌3ಎನ್‌2 ಸಮಯದಲ್ಲಿ ಭಾರತೀಯ ವೈದ್ಯಕೀಯ ಸಂಘವೇ ಇದನ್ನು ಸಾರಿ ಹೇಳಿತ್ತು. ಜ್ವರ ಮೂರು ದಿನಕ್ಕೆ ಇಳಿಯುತ್ತೆ, ಕೆಮ್ಮು ಮೂರು ವಾರದವರೆಗೂ ಇರಬಹುದು, ಸುಮ್ನೆ ಆಂಟಿಬಯೋಟಿಕ್ ಬೇಡ ಅಂತ. ಈಗ ನನಗೆ ಜ್ವರ ಬಂದರೆ ಪ್ಯಾರಾಸಿಟಮಾಲ್, ಗಂಜಿ, ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಮಲಗುವುದು. ರಜೆ ಇದ್ದರೆ ಹಾಕಿಬಿಡುತ್ತೇನೆ. ಜ್ವರ ಇಟ್ಟುಕೊಂಡು ಡ್ಯೂಟಿಗೆ ಹೋದರೆ ನಾನೂ ಬೇಗ ಏಳುವುದಿಲ್ಲ, ಬಸ್ಸಿನ ಮಕ್ಕಳಿಗೂ ಮುದುಕರಿಗೂ ಹಂಚಿ ಬರುತ್ತೇನೆ.

ಯಾವಾಗ ಕಾಯಬಾರದು ಅನ್ನೋದೂ ಗೊತ್ತಿರಬೇಕು. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಜ್ವರ ಮೂರು ದಿನ ದಾಟಿದರೆ, ಇಳಿದ ಜ್ವರ ಮತ್ತೆ ಜೋರಾಗಿ ಏರಿದರೆ, ವಯಸ್ಸಾದವರು ಮಂಕಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ಕ್ಷಯ ಇದೆಯಾ ಅಂತ ನೋಡಿಸಲೇಬೇಕು. ಕೊರೊನಾ ನಂತರದ ಕೆಮ್ಮು ಅಂತ ತಳ್ಳಿಹಾಕಬೇಡಿ. ನನ್ನ ಕೆಮ್ಮು ಎಳೆದಾಗ ನಾನೂ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಕೊಟ್ಟು ಬಂದೆ, ಏನೂ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೂ, ಕಾಯಿಲೆ ಇದ್ದರೆ ಅದರ ಔಷಧಿಗೂ ದುಡ್ಡು ತಗೊಳ್ಳುವುದಿಲ್ಲ.